ಜನನಾಂಗದ ಹರ್ಪಿಸ್: ಮರುಕಳಿಕೆಯನ್ನು ನಿಭಾಯಿಸುವ ಬಗೆ

ಜನನಾಂಗದ ಹರ್ಪಿಸ್ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಸೋಂಕು. ಜನನಾಂಗ, ಗುದದ್ವಾರದ ಸುತ್ತ, ಪೃಷ್ಠ ಅಥವಾ ತೊಡೆಯ ಮೇಲ್ಭಾಗದಲ್ಲಿ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಹುಣ್ಣಾಗಿ, ಕೆಲವು ದಿನಗಳಲ್ಲಿ ಮಾಯುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 15ರಿಂದ 49 ವರ್ಷದೊಳಗಿನ 84.6 ಕೋಟಿ ಜನರಿಗೆ ಈ ಸೋಂಕಿದೆ. ಆ ವಯಸ್ಸಿನ ಐವರಲ್ಲಿ ಒಬ್ಬರಿಗಿಂತ ಹೆಚ್ಚೇ ಆಯಿತು. ಬಹುಪಾಲು ಜನರಲ್ಲಿ ಲಕ್ಷಣಗಳೇ ಇರುವುದಿಲ್ಲ, ಇದ್ದರೂ ಹರ್ಪಿಸ್ ಎಂದು ಗುರುತಿಸುವಷ್ಟು ಸ್ಪಷ್ಟವಾಗಿರುವುದಿಲ್ಲ.

ಸೋಂಕನ್ನು ದೇಹದಿಂದ ಪೂರ್ತಿ ಹೊರಹಾಕುವ ಔಷಧ ಇಂದಿಗೂ ಇಲ್ಲ. ಆದರೆ ಮರುಕಳಿಕೆಯನ್ನು ಮೊಟಕುಗೊಳಿಸುವ, ಬಾರದಂತೆ ತಡೆಯುವ, ಸಂಗಾತಿಗೆ ದಾಟುವ ಸಾಧ್ಯತೆಯನ್ನು ತಗ್ಗಿಸುವ ಮಾತ್ರೆಗಳು ನಾಲ್ಕು ದಶಕಗಳಿಂದ ಬಳಕೆಯಲ್ಲಿವೆ. ಇವುಗಳ ಫಲ ಯಾವ ಮಾತ್ರೆ ಎನ್ನುವುದಕ್ಕಿಂತ ಹೆಚ್ಚಾಗಿ ಅದನ್ನು ಯಾವಾಗ ನುಂಗಿದೆವು ಎನ್ನುವುದನ್ನು ಅವಲಂಬಿಸಿದೆ. ಪರೀಕ್ಷೆಗೂ ಅಷ್ಟೇ, ಹೆರಿಗೆಗೂ ಅಷ್ಟೇ, ಸಂಗಾತಿಗೆ ಹೇಳುವ ಮಾತಿಗೂ ಅಷ್ಟೇ. ಈ ಕಾಯಿಲೆಯಲ್ಲಿ ಹೊತ್ತು ತಿಳಿದು ನಡೆದುಕೊಂಡವರಿಗೆ ಅರ್ಧ ಕಷ್ಟ ಕಡಿಮೆ.

## ವೈರಸ್‌ನ ಎರಡು ಬಗೆ

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ಬಗೆ: ಎಚ್‌ಎಸ್‌ವಿ-1 ಮತ್ತು ಎಚ್‌ಎಸ್‌ವಿ-2. ಇವೆರಡೂ ಬೇರೆ ಬೇರೆ ಎಂಬುದು 1960ರ ದಶಕದಲ್ಲಿ ಖಚಿತವಾಯಿತು. ಮೊದಲನೆಯದು ಸಾಮಾನ್ಯವಾಗಿ ಬಾಲ್ಯದಲ್ಲೇ ಮುತ್ತು, ಎಂಜಲಿನ ಮೂಲಕ ಬಂದು ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಜ್ವರ ಬಂದಾಗ ತುಟಿ ಮೇಲೆ ಏಳುವ ಗುಳ್ಳೆ ಹಲವು ವೇಳೆ ಇದೇ. ಎರಡನೆಯದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ.

ಬಾಯಿಯ ವೈರಸ್ ಬಾಯಿಯಲ್ಲೇ ಇರುತ್ತದೆ ಎಂಬ ನಿಯಮವಿಲ್ಲ. ತುಟಿಯಲ್ಲಿ ವೈರಸ್ ಇರುವವರು ಮೌಖಿಕ ಸಂಭೋಗ ನಡೆಸಿದರೆ ಎಚ್‌ಎಸ್‌ವಿ-1 ಜನನಾಂಗಕ್ಕೆ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಂದಾಜಿನಲ್ಲಿ ಜನನಾಂಗದಲ್ಲಿ ಎಚ್‌ಎಸ್‌ವಿ-2 ಇರುವವರು ಸುಮಾರು 52 ಕೋಟಿ, ಎಚ್‌ಎಸ್‌ವಿ-1 ಇರುವವರು ಸುಮಾರು 37.6 ಕೋಟಿ. ಕೆಲವರಲ್ಲಿ ಎರಡೂ ಇವೆ. ಯಾವ ಬಗೆ ಎಂದು ತಿಳಿದುಕೊಳ್ಳುವುದರಿಂದ ಲಾಭವಿದೆ, ಏಕೆಂದರೆ ಮುಂದೆ ಎಷ್ಟು ಸಲ ಮರುಕಳಿಸಬಹುದು ಎಂಬ ಅಂದಾಜು ಅದರಿಂದಲೇ ಸಿಗುತ್ತದೆ.

ವೈದ್ಯರು ಹರ್ಪಿಸ್ ಎಂದರೆ ನಮ್ಮಲ್ಲಿ ಹಲವರು ಸರ್ಪಸುತ್ತು ಎಂದುಕೊಳ್ಳುತ್ತಾರೆ. ಸರ್ಪಸುತ್ತು ಇದೇ ಕುಟುಂಬದ ಬೇರೊಂದು ವೈರಸ್‌ನಿಂದ, ಚಿಕನ್‌ಪಾಕ್ಸ್ ತರುವ ವೈರಸ್‌ನಿಂದ ಬರುವಂಥದು. ಅದು ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಹಬ್ಬುತ್ತದೆ, ಲೈಂಗಿಕವಾಗಿ ಹರಡುವುದಿಲ್ಲ, ಬಹುತೇಕರಿಗೆ ಜೀವಮಾನದಲ್ಲಿ ಒಮ್ಮೆ ಬಂದು ಹೋಗುತ್ತದೆ. ಸೊಂಟದ ಕೆಳಗೆ ಅದೇ ಜಾಗದಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಗುಳ್ಳೆ ಏಳುತ್ತಿದ್ದರೆ ಅದನ್ನು ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಿಸಿಕೊಂಡು ಸುಮ್ಮನಾಗಬಾರದು.

## ವಾಸಿಯಾದ ಹುಣ್ಣು ಮತ್ತೆ ಏಕೆ ಬರುತ್ತದೆ

ಮೊದಲ ಸೋಂಕಿನ ಹೊತ್ತಿನಲ್ಲಿ ವೈರಸ್ ಚರ್ಮದ ಸೂಕ್ಷ್ಮ ಬಿರುಕುಗಳ ಮೂಲಕ ಒಳಹೊಕ್ಕು ಅಲ್ಲಿನ ನರದ ತುದಿಯನ್ನು ಸೇರುತ್ತದೆ. ನರದ ಎಳೆಯ ಗುಂಟ ಮೇಲಕ್ಕೆ ಸಾಗಿ, ಬೆನ್ನುಹುರಿಯ ಕೆಳತುದಿಗೆ ಹೊಂದಿಕೊಂಡಿರುವ ನರಗಂಟುಗಳಲ್ಲಿ ತಳವೂರುತ್ತದೆ. ಚರ್ಮದ ಮೇಲಿನ ಹುಣ್ಣು ಮಾಯುತ್ತದೆ, ನರಗಂಟಿನಲ್ಲಿ ವೈರಸ್‌ನ ಡಿಎನ್‌ಎ ಉಳಿಯುತ್ತದೆ. ಅಲ್ಲಿ ಅದು ವೃದ್ಧಿಯಾಗುವುದಿಲ್ಲ, ನರಕೋಶಕ್ಕೆ ಹಾನಿಯನ್ನೂ ಮಾಡುವುದಿಲ್ಲ. ವೃದ್ಧಿಯಾಗದ ವೈರಸ್‌ನ ಮೇಲೆ ಈಗಿನ ಔಷಧಗಳು ಕೆಲಸ ಮಾಡುವುದಿಲ್ಲ. ಮಾತ್ರೆಯ ಕೋರ್ಸ್ ಮುಗಿಸಿದ ಮೇಲೂ ಹರ್ಪಿಸ್ ಮತ್ತೆ ಬರಲು ಇದೇ ಕಾರಣ. ರೋಗಿ ಮಾತ್ರೆ ತಪ್ಪಿಸಿದ್ದಕ್ಕೂ ವೈದ್ಯರು ತಪ್ಪು ಔಷಧ ಕೊಟ್ಟದ್ದಕ್ಕೂ ಇದು ಗುರುತಲ್ಲ.

ಆಗಾಗ ವೈರಸ್ ಎಚ್ಚೆತ್ತು ನರದ ಗುಂಟವೇ ಕೆಳಗಿಳಿದು ಚರ್ಮಕ್ಕೆ ಬರುತ್ತದೆ. ಜನನಾಂಗಕ್ಕೆ ಬರುವ ನರಗಳ ಮೂಲವೇ ಪೃಷ್ಠ ಮತ್ತು ತೊಡೆಯ ಹಿಂಭಾಗಕ್ಕೂ ಹರಡಿರುವುದರಿಂದ, ಸೋಂಕು ತಗುಲಿದ ಜಾಗ ಬಿಟ್ಟು ಪೃಷ್ಠದ ಮೇಲೆ ಗುಳ್ಳೆ ಎದ್ದರೂ ಆಶ್ಚರ್ಯವಿಲ್ಲ. ಚರ್ಮಕ್ಕೆ ಬಂದ ವೈರಸ್‌ನ್ನು ಅಲ್ಲೇ ಬೀಡುಬಿಟ್ಟಿರುವ ರೋಗನಿರೋಧಕ ಟಿ-ಕೋಶಗಳು ಎದುರಿಸುತ್ತವೆ. ಹಲವು ಸಲ ಗುಳ್ಳೆ ಏಳುವ ಮೊದಲೇ ಅವು ವೈರಸ್‌ನ್ನು ಅಡಗಿಸಿಬಿಡುತ್ತವೆ. ಆಗ ಹುಣ್ಣು ಕಾಣಿಸದಿದ್ದರೂ ಕೆಲವು ಗಂಟೆಗಳ ಕಾಲ ಚರ್ಮದ ಮೇಲೆ ವೈರಸ್ ಇರುತ್ತದೆ.

## ಮೊದಲ ಸಲ ಮತ್ತು ಆಮೇಲೆ

ಸೋಂಕು ತಗುಲಿದ 2ರಿಂದ 12 ದಿನಗಳಲ್ಲಿ ಮೊದಲ ಲಕ್ಷಣ ಕಾಣಿಸಬಹುದು. ಮೊದಲ ಸಲದ್ದು ಜೋರು. ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಂಟು, ಎರಡೂ ಬದಿ ಹರಡಿದ ಹುಣ್ಣು, ಮೂತ್ರ ಮಾಡುವಾಗ ಪ್ರಾಣ ಹೋಗುವಂಥ ಉರಿ. ಚಿಕಿತ್ಸೆ ಇಲ್ಲದಿದ್ದರೆ ಪೂರ್ತಿ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಇದೇ ಇನ್ನು ಜೀವನಪರ್ಯಂತ ಎಂದು ರೋಗಿ ಕಂಗಾಲಾಗುವುದು ಈ ಹಂತದಲ್ಲೇ.

ಮರುಕಳಿಕೆ ಹಾಗಿರುವುದಿಲ್ಲ. ದೇಹ ಅಷ್ಟರಲ್ಲಿ ಪ್ರತಿಕಾಯಗಳನ್ನು ತಯಾರಿಸಿಕೊಂಡಿರುತ್ತದೆ. ಗುಳ್ಳೆಗಳು ಕಡಿಮೆ, ಒಂದೇ ಬದಿಗೆ ಸೀಮಿತ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ವಾರ ಹತ್ತು ದಿನದಲ್ಲಿ ಮುಗಿಯುತ್ತದೆ.

ಎಚ್‌ಎಸ್‌ವಿ-2ರಿಂದ ಮೊದಲ ಸಲ ಹುಣ್ಣಾದವರಲ್ಲಿ ಸುಮಾರು ಶೇ 90 ಮಂದಿಗೆ ಒಂದು ವರ್ಷದೊಳಗೆ ಒಮ್ಮೆಯಾದರೂ ಮರುಕಳಿಸುತ್ತದೆ. ಮೊದಲ ವರ್ಷ ನಾಲ್ಕೈದು ಸಲ ಬರುವುದು ಸಾಮಾನ್ಯ. ಅಮೆರಿಕದ ಸಿಯಾಟಲ್‌ನ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 38 ಜನರಿಗೆ ಮೊದಲ ವರ್ಷವೇ ಆರು ಅಥವಾ ಅದಕ್ಕಿಂತ ಹೆಚ್ಚು ಸಲ, ಶೇ 20 ಜನರಿಗೆ ಹತ್ತಕ್ಕಿಂತ ಹೆಚ್ಚು ಸಲ ಮರುಕಳಿಸಿತ್ತು. ಎಚ್‌ಎಸ್‌ವಿ-1 ಆದರೆ ಮೊದಲ ವರ್ಷ ಸರಾಸರಿ ಒಂದು ಸಲ, ಆಮೇಲೆ ಇನ್ನೂ ವಿರಳ. ಎಚ್‌ಎಸ್‌ವಿ-2ರಲ್ಲೂ ವರ್ಷಗಳು ಕಳೆದಂತೆ ಬಹುತೇಕರಲ್ಲಿ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಮೊದಲ ವರ್ಷವನ್ನು ನೋಡಿ ಮುಂದಿನ ಮೂವತ್ತು ವರ್ಷದ ಲೆಕ್ಕ ಹಾಕಬಾರದು.

## ಒಂದು ಮರುಕಳಿಕೆಯ ಹಾದಿ

ಸುಮಾರು ಅರ್ಧದಷ್ಟು ಜನರಿಗೆ ಗುಳ್ಳೆ ಏಳುವ ಮೊದಲೇ ಮುನ್ಸೂಚನೆ ಸಿಗುತ್ತದೆ. ಕುಳಿತಲ್ಲೇ ಆ ಒಂದು ಜಾಗದಲ್ಲಿ ಜುಮುಜುಮು ಎನ್ನುತ್ತದೆ, ನವೆಯಾಗುತ್ತದೆ, ಬಟ್ಟೆ ತಾಗಿದರೆ ಉರಿಯುತ್ತದೆ. ಕೆಲವರಿಗೆ ಸೊಂಟದಿಂದ ತೊಡೆಯವರೆಗೆ ಛಳಕು ಹೊಡೆದಂತೆ ನೋವು. ಇದು ಕೆಲವು ಗಂಟೆಗಳಿಂದ ಎರಡು ದಿನದವರೆಗೆ ಇರಬಹುದು.

ಆಮೇಲೆ ಚರ್ಮ ಕೆಂಪಾಗಿ, ಸಾಸಿವೆ ಕಾಳಿನಷ್ಟು ಗಾತ್ರದ ಗುಳ್ಳೆಗಳು ಒತ್ತೊತ್ತಾಗಿ ಏಳುತ್ತವೆ. ಒಳಗೆ ತಿಳಿನೀರು. ಒಂದೆರಡು ದಿನದಲ್ಲಿ ಅವು ಒಡೆದು, ಕೆಂಪು ಅಂಚಿನ ಆಳವಿಲ್ಲದ ಹುಣ್ಣುಗಳಾಗುತ್ತವೆ. ಒಣ ಚರ್ಮದ ಮೇಲಾದರೆ ಹಕ್ಕು ಕಟ್ಟಿ ಉದುರುತ್ತದೆ. ಒದ್ದೆಯಾಗಿರುವ ಒಳಭಾಗದಲ್ಲಾದರೆ ಹಕ್ಕು ಕಟ್ಟದೆ ಹಾಗೆಯೇ ಮಾಯುತ್ತದೆ. ಸಾಮಾನ್ಯವಾಗಿ ಕಲೆ ಉಳಿಯುವುದಿಲ್ಲ.

ಎಲ್ಲರಿಗೂ ಹೀಗೆ ಪಠ್ಯಪುಸ್ತಕದಂತೆ ಬರುವುದಿಲ್ಲ. ಒಂದು ಸಣ್ಣ ಸೀಳು, ಒಂದೇ ಗುಳ್ಳೆ, ಬರೀ ತುರಿಕೆ, ಗುದದ್ವಾರದ ಬಳಿ ಗೀರಿದಂಥ ನೋವು ಇಷ್ಟೇ ಇರಬಹುದು. ಹೆಂಗಸರು ಬಿಳಿಸೆರಗಿನ ನವೆ ಎಂದೂ, ಗಂಡಸರು ಬೆವರಿಗೆ ಗಜಕರ್ಣವಾಗಿದೆ ಎಂದೂ, ಮೂಲವ್ಯಾಧಿ ಎಂದೂ ಭಾವಿಸಿ ವರ್ಷಗಟ್ಟಲೆ ಕಳೆಯುವುದುಂಟು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವ, ಸ್ಟೀರಾಯ್ಡ್ ಬೆರೆತ ತುರಿಕೆ ಮುಲಾಮು ಹಚ್ಚಿದರೆ ಆ ಜಾಗದ ರೋಗನಿರೋಧಕ ಶಕ್ತಿ ಕುಗ್ಗಿ ಹುಣ್ಣು ಕೆರಳುತ್ತದೆ, ರೋಗದ ಚಹರೆಯೂ ಬದಲಾಗಿ ವೈದ್ಯರಿಗೆ ಗುರುತಿಸುವುದು ಕಷ್ಟವಾಗುತ್ತದೆ.

## ಕೆರಳಿಸುವ ಸಂಗತಿಗಳು

ಜ್ವರ, ಬೇರೆ ಕಾಯಿಲೆ, ಶಸ್ತ್ರಚಿಕಿತ್ಸೆ, ನಿದ್ದೆಗೇಡು, ಬಹುದಿನ ಕಾಡಿದ ಮಾನಸಿಕ ಒತ್ತಡ, ಮುಟ್ಟಿನ ದಿನಗಳು, ಆ ಜಾಗದಲ್ಲಿ ಆಗುವ ಉಜ್ಜಾಟ ಇವುಗಳ ಬೆನ್ನಿಗೆ ಮರುಕಳಿಸಿತು ಎಂದು ರೋಗಿಗಳು ಹೇಳುತ್ತಾರೆ. ಎಲ್ಲರಿಗೂ ಒಂದೇ ಕಾರಣವಿಲ್ಲ, ಹಲವರಿಗೆ ಯಾವ ಕಾರಣವೂ ಸಿಗುವುದಿಲ್ಲ. ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕಿಟ್ಟುಕೊಂಡರೆ ಆರು ತಿಂಗಳಲ್ಲಿ ತಮ್ಮ ದೇಹದ ಕ್ರಮ ತಿಳಿಯುತ್ತದೆ. ಯಾವ ದಿನ ಜುಮುಗುಟ್ಟಿತು, ಯಾವ ದಿನ ಮಾತ್ರೆ ಶುರುವಾಯಿತು, ಯಾವ ದಿನ ಮಾಯಿತು ಎಂಬ ಮೂರು ದಿನಾಂಕ ಸಾಕು. ದಿನವೂ ಮಾತ್ರೆ ಬೇಕೇ ಬೇಡವೇ ಎಂದು ವೈದ್ಯರು ನಿರ್ಧರಿಸುವಾಗ ಈ ಪಟ್ಟಿ ನೆರವಾಗುತ್ತದೆ.

ಹುಣ್ಣಾದರೆ ನಂಜಿನ ಪದಾರ್ಥ ಬೇಡ ಎಂದು ಮನೆಯಲ್ಲಿ ಬದನೆಕಾಯಿ, ಕಡಲೆಕಾಯಿ ಬಿಡಿಸುವುದು ವಾಡಿಕೆ. ಅತ್ತ ಪಾಶ್ಚಾತ್ಯ ದೇಶಗಳಲ್ಲೂ ಆರ್ಜಿನೈನ್ ಎಂಬ ಅಂಶವಿದೆಯೆಂದು ಕಡಲೆಕಾಯಿ ಬಿಟ್ಟು ಲೈಸಿನ್ ಮಾತ್ರೆ ನುಂಗುವವರಿದ್ದಾರೆ. ಎರಡಕ್ಕೂ ಗಟ್ಟಿ ಪುರಾವೆಯಿಲ್ಲ. ಪಥ್ಯ ಮಾಡಿದರೆ ಹಾನಿಯಿಲ್ಲ, ಪಥ್ಯವನ್ನೇ ನೆಚ್ಚಿ ಮಾತ್ರೆ ಬಿಟ್ಟರೆ ಹಾನಿಯಿದೆ.

## ಪತ್ತೆ: ಯಾವ ಪರೀಕ್ಷೆ, ಯಾವಾಗ

ಹುಣ್ಣು ಹಸಿಯಾಗಿರುವಾಗ ಹತ್ತಿಯ ಕಡ್ಡಿಯಿಂದ ಅದರ ಬುಡವನ್ನು ಒರೆಸಿ ತೆಗೆದ ದ್ರವವನ್ನು ಪಿಸಿಆರ್ ಪರೀಕ್ಷೆಗೆ ಕಳಿಸುವುದು ಅತ್ಯುತ್ತಮ ವಿಧಾನ. ವೈರಸ್ ಇದೆಯೇ, ಇದ್ದರೆ ಒಂದೋ ಎರಡೋ ಎಂಬುದು ಇದರಲ್ಲೇ ತಿಳಿಯುತ್ತದೆ. ಹಕ್ಕು ಕಟ್ಟಿದ ಮೇಲೆ ಹೋದರೆ ವೈರಸ್ ಸಿಗದೆ ಹೋಗಬಹುದು. ಗುಳ್ಳೆ ಎದ್ದ ಒಂದೆರಡು ದಿನದಲ್ಲೇ ಹೋಗುವುದು ಒಳಿತು. ಹಲವೆಡೆ ಇನ್ನೂ ನಡೆಯುವ ಜ್ಯಾಂಕ್ ಸ್ಮಿಯರ್ ಎಂಬ ಸೂಕ್ಷ್ಮದರ್ಶಕ ಪರೀಕ್ಷೆ ಅಗ್ಗ, ಆದರೆ ಅನೇಕ ಪ್ರಕರಣಗಳು ಅದರಲ್ಲಿ ತಪ್ಪಿಹೋಗುತ್ತವೆ, ಬಗೆಯೂ ತಿಳಿಯುವುದಿಲ್ಲ.

ರಕ್ತಪರೀಕ್ಷೆಯಲ್ಲಿ ಗೊಂದಲ ಹೆಚ್ಚು. ಐಜಿಎಂ ಎಂಬ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ ಹರ್ಪಿಸ್‌ಗೆ ನಂಬಲರ್ಹವಲ್ಲ. ಅದು ಮರುಕಳಿಕೆಯಲ್ಲೂ ಪಾಸಿಟಿವ್ ಬರಬಹುದು, ಆದ್ದರಿಂದ ಹೊಸ ಸೋಂಕು ಎಂದು ಹೇಳಲಾಗದು. ನಮ್ಮಲ್ಲಿ ಗರ್ಭಿಣಿಯರಿಗೂ ಗರ್ಭಪಾತವಾದವರಿಗೂ ಟಾರ್ಚ್ ಪ್ಯಾನೆಲ್ ಎಂಬ ರಕ್ತಪರೀಕ್ಷೆ ಬರೆಯುವ ರೂಢಿಯಿದೆ. ಅದರಲ್ಲಿ ಹರ್ಪಿಸ್ ಸಾಲಿನ ಮುಂದೆ ಪಾಸಿಟಿವ್ ಎಂದು ಕಂಡು ಗಂಡ ಹೆಂಡತಿ ಪರಸ್ಪರ ಅನುಮಾನಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಬಗೆಯನ್ನು ಬೇರ್ಪಡಿಸದ, ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಬಂದರೆ, ಬಾಲ್ಯದಲ್ಲಿ ಬಂದ ತುಟಿಯ ಸೋಂಕು ಇರಬಹುದು ಎಂಬುದಕ್ಕಿಂತ ಹೆಚ್ಚೇನೂ ಅದರಿಂದ ತಿಳಿಯುವುದಿಲ್ಲ. ಬಗೆ ತಿಳಿಸುವ ಐಜಿಜಿ ಪರೀಕ್ಷೆಯೂ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ನೆಗೆಟಿವ್ ಬರಬಹುದು. ಎಚ್‌ಎಸ್‌ವಿ-2 ಅಂಕ 1.1ರಿಂದ 3.0ರ ನಡುವೆ ಇದ್ದರೆ ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಗಣನೀಯ. ಮತ್ತೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳಬೇಕು. ಹರ್ಪಿಸ್ ಪತ್ತೆಯಾದವರು ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

## ಮಾತ್ರೆಗಳು: ಎರಡು ದಾರಿ

ಈ ಚಿಕಿತ್ಸೆಯ ಬುನಾದಿ ಅಸೈಕ್ಲೋವಿರ್. 1970ರ ದಶಕದಲ್ಲಿ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಹೊವರ್ಡ್ ಶೇಫರ್, ಗರ್ಟ್ರೂಡ್ ಎಲಿಯನ್ ಮತ್ತವರ ಸಹೋದ್ಯೋಗಿಗಳು ಅಭಿವೃದ್ಧಿಪಡಿಸಿದ ಔಷಧವಿದು. ಅಮೆರಿಕದಲ್ಲಿ 1982ರಲ್ಲಿ ಮುಲಾಮಾಗಿ, 1985ರಲ್ಲಿ ನುಂಗುವ ಔಷಧವಾಗಿ ಅನುಮತಿ ಪಡೆಯಿತು. ಎಲಿಯನ್ 1988ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಜೊತೆ ಹಂಚಿಕೊಂಡರು. ಈ ಔಷಧ ಸಕ್ರಿಯವಾಗಲು ವೈರಸ್‌ನದೇ ಕಿಣ್ವ ಬೇಕು. ಹಾಗಾಗಿ ವೈರಸ್ ಹೊಕ್ಕ ಕೋಶದಲ್ಲಷ್ಟೇ ಅದು ಕೆಲಸಕ್ಕೆ ಇಳಿದು ಹೊಸ ಡಿಎನ್‌ಎ ಎಳೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಆರೋಗ್ಯವಂತ ಕೋಶಗಳಿಗೆ ಹೆಚ್ಚಿನ ತೊಂದರೆಯಿಲ್ಲ. ವ್ಯಾಲಸೈಕ್ಲೋವಿರ್ ಹೊಟ್ಟೆಗಿಳಿದ ಮೇಲೆ ಅಸೈಕ್ಲೋವಿರ್ ಆಗಿ ಬದಲಾಗುವ ಮಾತ್ರೆ. ರಕ್ತಕ್ಕೆ ಚೆನ್ನಾಗಿ ಸೇರುವುದರಿಂದ ದಿನಕ್ಕೆ ಕಡಿಮೆ ಸಲ ನುಂಗಿದರೆ ಸಾಕು. ಫ್ಯಾಮ್‌ಸಿಕ್ಲೋವಿರ್ ಮೂರನೆಯ ಆಯ್ಕೆ.

ಬಂದಾಗ ನುಂಗುವುದು. ವರ್ಷಕ್ಕೆ ಒಂದೆರಡು ಸಲ ಮಾತ್ರ ಮರುಕಳಿಸುವವರಿಗೆ ಇದು ಸಾಕು. ಬಳಕೆಯಲ್ಲಿರುವ ಪ್ರಮಾಣಗಳಲ್ಲಿ ಕೆಲವು: ಅಸೈಕ್ಲೋವಿರ್ 800 ಮಿ.ಗ್ರಾಂ ದಿನಕ್ಕೆ ಎರಡು ಸಲ 5 ದಿನ, ಅಥವಾ ದಿನಕ್ಕೆ ಮೂರು ಸಲ 2 ದಿನ. ವ್ಯಾಲಸೈಕ್ಲೋವಿರ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ 3 ದಿನ. ಫ್ಯಾಮ್‌ಸಿಕ್ಲೋವಿರ್ 1 ಗ್ರಾಂ ಒಂದೇ ದಿನ ಎರಡು ಸಲ. ಜುಮುಗುಟ್ಟಿದ ಕೂಡಲೇ, ಇಲ್ಲವೇ ಗುಳ್ಳೆ ಕಂಡ 24 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು. ಕೆಲವೊಮ್ಮೆ ಗುಳ್ಳೆ ಏಳದೆಯೇ ಅಡಗುತ್ತದೆ. ಮೂರನೆಯ ದಿನ ಅಪಾಯಿಂಟ್‌ಮೆಂಟ್ ಸಿಕ್ಕಿ, ನಾಲ್ಕನೆಯ ದಿನ ಮಾತ್ರೆ ತಂದರೆ ಹುಣ್ಣು ಆಗಲೇ ತಾನಾಗಿ ಮಾಯತೊಡಗಿರುತ್ತದೆ. ಆದ್ದರಿಂದ ಒಂದು ಕೋರ್ಸ್ ಮಾತ್ರೆಯನ್ನು ಮೊದಲೇ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು. ಪ್ರಯಾಣದ ಬ್ಯಾಗಿನಲ್ಲೂ ಇರಲಿ.

ದಿನವೂ ನುಂಗುವುದು. ವರ್ಷಕ್ಕೆ ಆರು ಅಥವಾ ಹೆಚ್ಚು ಸಲ ಮರುಕಳಿಸುವವರಿಗೆ, ಕಡಿಮೆ ಬಂದರೂ ತೀವ್ರ ನೋವು, ಆತಂಕ ಅನುಭವಿಸುವವರಿಗೆ, ಸಂಗಾತಿಗೆ ಹರಡದಂತೆ ತಡೆಯಬೇಕಾದವರಿಗೆ ಇದು ಸೂಕ್ತ. ಅಸೈಕ್ಲೋವಿರ್ 400 ಮಿ.ಗ್ರಾಂ ದಿನಕ್ಕೆ ಎರಡು ಸಲ, ಅಥವಾ ವ್ಯಾಲಸೈಕ್ಲೋವಿರ್ 500 ಮಿ.ಗ್ರಾಂ ಅಥವಾ 1 ಗ್ರಾಂ ದಿನಕ್ಕೊಂದು ಸಲ ಸಾಮಾನ್ಯ ಕ್ರಮ. ವರ್ಷಕ್ಕೆ ಹತ್ತು ಸಲ ಬರುವವರಿಗೆ ವ್ಯಾಲಸೈಕ್ಲೋವಿರ್ 500 ಮಿ.ಗ್ರಾಂ ಸಾಲದೆ ಹೋಗಬಹುದು. ಹೀಗೆ ದಿನವೂ ನುಂಗಿದರೆ ಮರುಕಳಿಕೆ ಶೇ 70ರಿಂದ 80ರಷ್ಟು ಇಳಿಯುತ್ತದೆ. ಆರೋಗ್ಯವಂತರಲ್ಲಿ ಅಸೈಕ್ಲೋವಿರ್‌ನ್ನು ಆರು ವರ್ಷದವರೆಗೆ ಸತತ ಬಳಸಿದಾಗಲೂ ಸುರಕ್ಷಿತವಾಗಿತ್ತು ಎಂಬುದು ದಾಖಲಾಗಿದೆ. ವರ್ಷಕ್ಕೊಮ್ಮೆ ವೈದ್ಯರ ಬಳಿ ಕುಳಿತು, ಮುಂದುವರಿಸಬೇಕೇ ನಿಲ್ಲಿಸಿ ನೋಡಬೇಕೇ ಎಂದು ಚರ್ಚಿಸಬೇಕು. ನಿಲ್ಲಿಸಿದಾಗ ಮತ್ತೆ ಬಂದರೆ ಪುನಃ ಶುರುಮಾಡಲು ಅಡ್ಡಿಯಿಲ್ಲ.

ಎರಡೂ ಕ್ರಮಗಳಲ್ಲಿ ಧಾರಾಳ ನೀರು ಕುಡಿಯಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ತಗ್ಗಿಸಬೇಕಾಗುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಅಸೈಕ್ಲೋವಿರ್ ಮುಲಾಮಿನಿಂದ ಜನನಾಂಗದ ಮರುಕಳಿಕೆಯಲ್ಲಿ ಪ್ರಯೋಜನ ಅತ್ಯಲ್ಪ, ಮಾತ್ರೆಯ ಬದಲಿಗೆ ಅದನ್ನು ಬಳಸುವುದು ಸಲ್ಲದು. ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಔಷಧಕ್ಕೆ ವೈರಸ್ ಒಗ್ಗಿಹೋಗುವುದು ಬಹಳ ವಿರಳ.

## ಹುಣ್ಣಿರುವ ದಿನಗಳ ಆರೈಕೆ

ಉಗುರುಬೆಚ್ಚನೆಯ ನೀರಿಗೆ ಚಿಟಿಕೆ ಉಪ್ಪು ಹಾಕಿ ದಿನಕ್ಕೆರಡು ಸಲ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು. ಸಡಿಲವಾದ ಹತ್ತಿಯ ಒಳಉಡುಪು ಮೇಲು. ಮನೆಯಲ್ಲಿರುವಾಗ ಲುಂಗಿ, ನೈಟಿ ಹಿತ. ಮೂತ್ರ ಉರಿಯುತ್ತಿದ್ದರೆ ಮೂತ್ರ ಮಾಡುವಾಗಲೇ ಚೊಂಬಿನಿಂದ ನೀರು ಸುರಿದುಕೊಳ್ಳುವುದು, ಇಲ್ಲವೇ ಅಗಲ ಬೋಗುಣಿಯ ಬೆಚ್ಚನೆಯ ನೀರಿನಲ್ಲಿ ಕುಳಿತೇ ಮೂತ್ರ ಮಾಡುವುದು ಉಪಾಯ. ಉರಿಗೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಾಢವಾಗಿ ಉರಿ ಇನ್ನೂ ಹೆಚ್ಚುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ವೈದ್ಯರು ಹೇಳಿದರೆ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಬಳಸಬಹುದು. ಡೆಟಾಲ್, ಸುಣ್ಣ, ಅರಿಶಿನ, ಬೆಳ್ಳುಳ್ಳಿ ರಸ ಯಾವುದನ್ನೂ ಹಚ್ಚಬಾರದು. ಗುಳ್ಳೆ ಚಿವುಟಬಾರದು. ಮುಟ್ಟಿದರೆ ಸೋಪಿನಿಂದ ಕೈ ತೊಳೆಯಬೇಕು, ಆ ಕೈಯಿಂದ ಕಣ್ಣು ಮುಟ್ಟಲೇಬಾರದು.

ಟಾಯ್ಲೆಟ್ ಸೀಟು, ಈಜುಕೊಳ, ಬಚ್ಚಲುಮನೆ, ಊಟದ ತಟ್ಟೆಯಿಂದ ಜನನಾಂಗದ ಹರ್ಪಿಸ್ ಹರಡುವುದಿಲ್ಲ. ದೇಹದ ಹೊರಗೆ ಈ ವೈರಸ್ ಬಹುಬೇಗ ಶಕ್ತಿಗುಂದುತ್ತದೆ. ಮನೆಮಂದಿಯ ಜೊತೆ ಎಂದಿನಂತೆ ಇರಬಹುದು, ಮಕ್ಕಳನ್ನು ಎತ್ತಿಕೊಳ್ಳಬಹುದು, ಅಡುಗೆ ಮಾಡಬಹುದು.

## ಸಂಗಾತಿಗೆ ಹರಡದಂತೆ

ಜುಮುಗುಟ್ಟಿದ ಹೊತ್ತಿನಿಂದ ಹುಣ್ಣು ಪೂರ್ತಿ ಮಾಯುವವರೆಗೆ ಸಂಭೋಗ ಬೇಡ, ಮೌಖಿಕ ಸಂಭೋಗವೂ ಬೇಡ. ಕಾಂಡೋಮ್ ಹುಣ್ಣಿನ ಜಾಗವನ್ನು ಪೂರ್ತಿ ಮುಚ್ಚದಿರಬಹುದು. ಹುಣ್ಣಿಲ್ಲದ ದಿನಗಳಲ್ಲೂ ಅಪಾಯ ಸೊನ್ನೆಯಲ್ಲ. 2011ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಲಕ್ಷಣಗಳಿರುವ ಎಚ್‌ಎಸ್‌ವಿ-2 ಸೋಂಕಿತರ ಜನನಾಂಗದಲ್ಲಿ ಪರೀಕ್ಷಿಸಿದ ದಿನಗಳ ಪೈಕಿ ಶೇ 20ರಷ್ಟು ದಿನ, ಲಕ್ಷಣವೇ ಇಲ್ಲದವರಲ್ಲಿ ಶೇ 10ರಷ್ಟು ದಿನ ವೈರಸ್ ಪತ್ತೆಯಾಯಿತು. ಹೆಚ್ಚಿನ ಸೋಂಕು ಹರಡುವುದು ತಮಗೇನೂ ಇಲ್ಲ ಎಂದುಕೊಂಡವರಿಂದ, ಏನೂ ಕಾಣಿಸದ ದಿನಗಳಲ್ಲಿ.

ಈ ಅಪಾಯವನ್ನು ತಗ್ಗಿಸಲು ಎರಡು ಸಾಧನಗಳಿವೆ. ತಪ್ಪದೆ ಬಳಸಿದ ಕಾಂಡೋಮ್ ಗಂಡಿನಿಂದ ಹೆಣ್ಣಿಗೆ ಎಚ್‌ಎಸ್‌ವಿ-2 ದಾಟುವುದನ್ನು ಬಹುವಾಗಿ ತಡೆಯುತ್ತದೆ, ಹೆಣ್ಣಿನಿಂದ ಗಂಡಿಗೆ ದಾಟುವುದನ್ನು ಅದಕ್ಕಿಂತ ಕಡಿಮೆ. ಇನ್ನೊಂದು, ಸೋಂಕಿತರು ದಿನವೂ ಮಾತ್ರೆ ನುಂಗುವುದು. ಒಬ್ಬರಿಗಷ್ಟೇ ಸೋಂಕಿದ್ದ 1,484 ಜೋಡಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 500 ಮಿ.ಗ್ರಾಂ ವ್ಯಾಲಸೈಕ್ಲೋವಿರ್‌ನಿಂದ ಸಂಗಾತಿಗೆ ಹರಡುವುದು ಶೇ 48ರಷ್ಟು ಇಳಿಯಿತು. ಎಂಟು ತಿಂಗಳಲ್ಲಿ ಮಾತ್ರೆ ನುಂಗದವರ ಸಂಗಾತಿಗಳಲ್ಲಿ ಶೇ 3.6 ಮಂದಿಗೆ, ನುಂಗಿದವರ ಸಂಗಾತಿಗಳಲ್ಲಿ ಶೇ 1.9 ಮಂದಿಗೆ ಸೋಂಕು ತಗುಲಿತು. ಒಟ್ಟಿಗೆ ಬಾಳುವ ಜೋಡಿಗಳಲ್ಲೂ ಸೋಂಕು ಹರಡಿಯೇ ತೀರುತ್ತದೆ ಎಂಬುದು ನಿಜವಲ್ಲ ಎನ್ನಲು ಈ ಅಂಕಿಗಳೇ ಸಾಕ್ಷಿ.

## ಹೇಳುವುದು ಹೇಗೆ

ಹುಣ್ಣು ಮೊದಲ ಸಲ ಕಂಡ ದಿನವೇ ಸೋಂಕು ತಗುಲಿದ ದಿನ ಎಂದು ಭಾವಿಸಿ ಸಂಸಾರಗಳು ಒಡೆಯುತ್ತವೆ. ವೈರಸ್ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಮೊದಲ ಸಲ ಲಕ್ಷಣ ತೋರಿಸಬಹುದು. ಮದುವೆಯಾಗಿ ಹತ್ತು ವರ್ಷವಾದ ಮೇಲೆ ಒಬ್ಬರಿಗೆ ಹುಣ್ಣಾದರೆ ಅದು ಮದುವೆಗೆ ಮುಂಚಿನ ಸೋಂಕಾಗಿರಬಹುದು, ಇನ್ನೊಬ್ಬರಿಂದ ಅವರಿಗೇ ಅರಿವಿಲ್ಲದೆ ಬಂದಿರಲೂಬಹುದು. ಯಾರಿಂದ, ಯಾವಾಗ ಎಂಬುದನ್ನು ಬಹುತೇಕ ವೇಳೆ ಯಾವ ಪರೀಕ್ಷೆಯೂ ಹೇಳಲಾರದು.

ಹೇಳಲು ಹೊತ್ತು ಆರಿಸಿಕೊಳ್ಳಬೇಕು. ಜಗಳದ ನಡುವೆಯೋ ಮಲಗುವ ಕೋಣೆಯಲ್ಲಿ ಕೊನೇ ಗಳಿಗೆಯಲ್ಲೋ ಬೇಡ. ಮದುವೆ ಮಾತುಕತೆಯಲ್ಲಿರುವವರು ಎರಡೂ ಮನೆಯವರ ಮುಂದೆ ಹೇಳಬೇಕಿಲ್ಲ. ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರೇ ಕುಳಿತು ಮಾತಾಡುವಾಗ ಹೇಳುವುದು ನ್ಯಾಯ. ಮಾತು ಚಿಕ್ಕದಾಗಿರಲಿ: "ನಿಮಗೊಂದು ವಿಷಯ ಹೇಳ್ಬೇಕು. ನನಗೆ ಹರ್ಪಿಸ್ ಅನ್ನೋ ವೈರಸ್ ಇದೆ. ವರ್ಷಕ್ಕೆ ಒಂದೆರಡು ಸಲ ಗುಳ್ಳೆ ಏಳುತ್ತೆ, ಮಾತ್ರೆ ತಗೊಂಡ್ರೆ ಬೇಗ ಹೋಗುತ್ತೆ. ನಿಮಗೆ ಬರದ ಹಾಗೆ ಏನೇನು ಮಾಡ್ಬೇಕು ಅಂತ ಡಾಕ್ಟರ್ ಹೇಳಿದಾರೆ. ಬೇಕಿದ್ರೆ ಇಬ್ಬರೂ ಹೋಗಿ ಕೇಳೋಣ." ಕ್ಷಮೆ ಕೇಳುವ ಧಾಟಿ ಬೇಕಿಲ್ಲ. ಎದುರಿನವರಿಗೆ ಯೋಚಿಸಲು ಸಮಯ ಕೊಡಬೇಕು.

## ಬಸಿರು, ಬಾಣಂತನ

ಗರ್ಭಿಣಿಗೆ ಮುಂಚಿನಿಂದ ಹರ್ಪಿಸ್ ಇದ್ದರೆ ಹೆರಿಗೆಯಲ್ಲಿ ಮಗುವಿಗೆ ತಗಲುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ತಾಯಿಯ ಪ್ರತಿಕಾಯಗಳು ಮಗುವನ್ನು ಕಾಪಾಡುತ್ತವೆ. ಹೆರಿಗೆ ಹತ್ತಿರವಿರುವಾಗ ತಾಯಿಗೆ ಮೊತ್ತಮೊದಲ ಸಲ ಸೋಂಕು ತಗುಲಿದರೆ ಅದೇ ಸಾಧ್ಯತೆ ಶೇ 30ರಿಂದ 50ಕ್ಕೆ ಏರುತ್ತದೆ. ನವಜಾತ ಶಿಶುವಿಗೆ ಈ ಸೋಂಕು ಪ್ರಾಣಾಂತಿಕವಾಗಬಹುದು. ಆದ್ದರಿಂದ ಗಂಡನಿಗೆ ಹರ್ಪಿಸ್ ಇದ್ದು ಹೆಂಡತಿಗೆ ಇಲ್ಲದಿದ್ದರೆ ಕೊನೆಯ ಮೂರು ತಿಂಗಳು ಸಂಭೋಗ, ಮೌಖಿಕ ಸಂಭೋಗ ಎರಡನ್ನೂ ಬಿಡುವುದು ಒಳಿತು.

ಮರುಕಳಿಸುತ್ತಿರುವ ಗರ್ಭಿಣಿಯರಿಗೆ 36ನೇ ವಾರದಿಂದ ಅಸೈಕ್ಲೋವಿರ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಡುವ ಕ್ರಮವಿದೆ. ಹೆರಿಗೆ ನೋವು ಬಂದಾಗ ಹುಣ್ಣು ಅಥವಾ ಮುನ್ಸೂಚನೆ ಇದ್ದರೆ ಸಿಸೇರಿಯನ್, ಇಲ್ಲದಿದ್ದರೆ ಸಹಜ ಹೆರಿಗೆ. ಮೊಲೆಯ ಮೇಲೆ ಹುಣ್ಣಿಲ್ಲದಿದ್ದರೆ ಹಾಲೂಡಿಸಬಹುದು. ನಾಚಿಕೆಯಿಂದ ಹೆರಿಗೆ ವೈದ್ಯರಿಗೆ ಹೇಳದೆ ಬಚ್ಚಿಡುವುದೇ ಇಲ್ಲಿನ ದೊಡ್ಡ ಅಪಾಯ.

## ಎಚ್‌ಐವಿಯ ನಂಟು

ಎಚ್‌ಎಸ್‌ವಿ-2 ಇರುವವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು. ಹುಣ್ಣಿನ ಜಾಗದಲ್ಲಿ ಎಚ್‌ಐವಿಗೆ ಒಳಹೊಗಲು ದಾರಿಯೂ, ಹಿಡಿದುಕೊಳ್ಳಲು ಬೇಕಾದ ಬಿಳಿ ರಕ್ತಕಣಗಳೂ ಸಿದ್ಧವಾಗಿರುತ್ತವೆ. ದಿನವೂ ಹರ್ಪಿಸ್ ಮಾತ್ರೆ ನುಂಗಿದರೆ ಈ ಅಪಾಯ ಇಳಿಯಬಹುದೆಂದು ದೊಡ್ಡ ಪ್ರಯೋಗಗಳು ನಡೆದವು, ಇಳಿಯಲಿಲ್ಲ. ಹಾಗಾಗಿ ಕಾಂಡೋಮಿಗೆ ಬದಲಿಯಿಲ್ಲ. ಒಂದು ತಿಂಗಳಾದರೂ ಮಾಯದ ಹರ್ಪಿಸ್ ಹುಣ್ಣು ರೋಗನಿರೋಧಕ ಶಕ್ತಿ ಕುಸಿದಿರುವುದರ ಸೂಚನೆ ಆಗಿರಬಹುದು.

## ನಾಚಿಕೆಯ ಭಾರ

ಹರ್ಪಿಸ್‌ಗೆ ಅಂಟಿದ ಕಳಂಕಕ್ಕೆ ಪತ್ರಿಕೆಗಳ ಕೊಡುಗೆಯೂ ಇದೆ. 1982ರ ಆಗಸ್ಟ್‌ನಲ್ಲಿ ಅಮೆರಿಕದ ಟೈಮ್ ಪತ್ರಿಕೆ ಹರ್ಪಿಸ್‌ನ್ನು ಮುಖಪುಟಕ್ಕೆ ತಂದು, ಪಾಪದ ಮುದ್ರೆಯಂತೆ ಚಿತ್ರಿಸಿತು. ತುಟಿಯ ಮೇಲೆ ಬಂದರೆ ಯಾರೂ ಲೆಕ್ಕಿಸದ ಗುಳ್ಳೆ ಸೊಂಟದ ಕೆಳಗೆ ಬಂದರೆ ಶೀಲದ ಪ್ರಶ್ನೆಯಾಗುತ್ತದೆ. ನಮ್ಮಲ್ಲಿ ಆ ನಾಚಿಕೆಯ ಮೇಲೆಯೇ ವ್ಯಾಪಾರ ನಡೆಯುತ್ತದೆ. ಬಸ್‌ಸ್ಟ್ಯಾಂಡ್ ಶೌಚಾಲಯದ ಗೋಡೆಗೆ ಅಂಟಿಸಿದ ಗುಪ್ತರೋಗ ಚಿಕಿತ್ಸೆಯ ಚೀಟಿಗಳು "ಶಾಶ್ವತ ಪರಿಹಾರ" ಎನ್ನುತ್ತವೆ. ಹರ್ಪಿಸ್ ಹುಣ್ಣು ವಾರದಲ್ಲಿ ತಾನಾಗಿ ಮಾಯುವುದರಿಂದ ಯಾವ ಪುಡಿ ಕೊಟ್ಟರೂ ಗುಣವಾದಂತೆಯೇ ಕಾಣುತ್ತದೆ. ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಇನ್ನೊಂದು ಕೋರ್ಸ್ ಮಾರಾಟವಾಗುತ್ತದೆ.

ಸೋಂಕು ಪತ್ತೆಯಾದ ಮೊದಲ ತಿಂಗಳುಗಳಲ್ಲಿ ಖಿನ್ನತೆ, ಕೋಪ, ಇನ್ನು ನನ್ನನ್ನು ಯಾರು ಒಪ್ಪುತ್ತಾರೆ ಎಂಬ ಭಯ ಸಾಮಾನ್ಯ. ಮರುಕಳಿಕೆ ಹತೋಟಿಗೆ ಬಂದಂತೆ ಬಹುತೇಕರಲ್ಲಿ ಅದೂ ಇಳಿಯುತ್ತದೆ. ಇಳಿಯದಿದ್ದರೆ ಆಪ್ತಸಮಾಲೋಚಕರ ನೆರವು ಪಡೆಯಬೇಕು.

## ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು

ಈ ರೋಗ ನೋಡುವವರು ಚರ್ಮ ಮತ್ತು ಲೈಂಗಿಕ ರೋಗ ತಜ್ಞರು. ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ನೆರವಿನ ಸುರಕ್ಷಾ ಕ್ಲಿನಿಕ್‌ಗಳಿವೆ. ಅಲ್ಲಿ ಆಪ್ತಸಮಾಲೋಚನೆ ಮತ್ತು ಔಷಧ ಉಚಿತ. ಲಕ್ಷಣ ನೋಡಿ ಬಣ್ಣದ ಕಿಟ್ ಕೊಡುವ ಕ್ರಮದಲ್ಲಿ ಹರ್ಪಿಸ್ ಹುಣ್ಣಿಗೆ ಇರುವುದು ಕೆಂಪು ಬಣ್ಣದ 5ನೇ ಕಿಟ್, ಅದರಲ್ಲಿ 7 ದಿನಕ್ಕಾಗುವ ಅಸೈಕ್ಲೋವಿರ್ ಇರುತ್ತದೆ. ಕಿಟ್ ಆ ಸಲದ ಹುಣ್ಣಿಗೆ ಮಾತ್ರ. ಪದೇ ಪದೇ ಬರುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ದಿನನಿತ್ಯದ ಮಾತ್ರೆಯ ಬಗ್ಗೆ ಕೇಳಬೇಕು. ಮಾಹಿತಿಗೆ 1097 ಉಚಿತ ಸಹಾಯವಾಣಿಯಿದೆ. ಖಾಸಗಿಯಾಗಿ ಕೊಳ್ಳುವವರಿಗೆ ಜನೌಷಧಿ ಕೇಂದ್ರಗಳ ಜೆನರಿಕ್ ಮಾತ್ರೆ ಅಗ್ಗ.

## ಮುಂದೇನು

ತಡೆಯುವ ಲಸಿಕೆ ಇನ್ನೂ ಬಂದಿಲ್ಲ. 2012ರಲ್ಲಿ ಫಲಿತಾಂಶ ಪ್ರಕಟವಾದ, ಸಾವಿರಾರು ಮಹಿಳೆಯರು ಪಾಲ್ಗೊಂಡಿದ್ದ ಹರ್ಪಿವ್ಯಾಕ್ ಪ್ರಯೋಗದ ಲಸಿಕೆ ಎಚ್‌ಎಸ್‌ವಿ-2ನ್ನು ತಡೆಯಲಿಲ್ಲ. ಮರುಕಳಿಕೆ ತಗ್ಗಿಸಲೆಂದು ಜಿಎಸ್‌ಕೆ ತಯಾರಿಸಿದ್ದ ಮತ್ತೊಂದು ಲಸಿಕೆ ಗುರಿ ಮುಟ್ಟಲಿಲ್ಲ ಎಂದು ಕಂಪನಿಯೇ 2024ರಲ್ಲಿ ತಿಳಿಸಿತು. ಬೇರೆ ರೀತಿಯಲ್ಲಿ ಕೆಲಸ ಮಾಡುವ ಪ್ರಿಟೆಲಿವಿರ್ ಎಂಬ ಔಷಧದ ಪ್ರಯೋಗಗಳು ನಡೆದಿವೆ. ನರಗಂಟಿನಲ್ಲಿ ಅಡಗಿರುವ ವೈರಸ್‌ನ ಡಿಎನ್‌ಎಯನ್ನೇ ಕತ್ತರಿಸುವ ಜೀನ್ ಚಿಕಿತ್ಸೆಯನ್ನು ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದ ವಿಜ್ಞಾನಿಗಳು ಇಲಿಗಳಲ್ಲಿ ಯಶಸ್ವಿಯಾಗಿ ತೋರಿಸಿದ್ದಾರೆ. ಮನುಷ್ಯರಿಗೆ ಅದು ದೂರದ ಮಾತು.

## ಕೂಡಲೇ ವೈದ್ಯರ ಬಳಿ ಹೋಗಬೇಕಾದಾಗ

- ಮೂತ್ರ ಕಟ್ಟಿಕೊಂಡಾಗ
- ಹುಣ್ಣಿನ ಜೊತೆ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಬೆಳಕು ನೋಡಲಾಗದ ಸ್ಥಿತಿ ಇದ್ದಾಗ
- ಕಣ್ಣು ಕೆಂಪಾಗಿ ನೋವು ಬಂದಾಗ, ದೃಷ್ಟಿ ಮಂಜಾದಾಗ
- ಗರ್ಭಿಣಿಗೆ ಮೊದಲ ಸಲ ಹುಣ್ಣಾದಾಗ
- ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ, ಅಂಗಾಂಗ ಕಸಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹುಣ್ಣು ಹಬ್ಬುತ್ತಿದ್ದಾಗ
- ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಹತ್ತು ದಿನದಲ್ಲಿ ಮಾಯುವ ಲಕ್ಷಣ ಕಾಣದಿದ್ದಾಗ

ಉಳಿದ ಮರುಕಳಿಕೆಗಳಿಗೆ ಆಸ್ಪತ್ರೆಗೆ ಓಡಬೇಕಿಲ್ಲ. ಮನೆಯಲ್ಲಿರುವ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಶುರುಮಾಡಿ, ದಿನಾಂಕ ಗುರುತಿಸಿಟ್ಟುಕೊಂಡರೆ ಆಯಿತು. ಸ್ಟ್ರಿಪ್ಪಿನ ಅವಧಿ ಮುಗಿಯುವ ತಿಂಗಳನ್ನು ಒಮ್ಮೆ ನೋಡಿಕೊಂಡು, ಮುಗಿಯುವ ಮೊದಲೇ ಹೊಸದು ತಂದಿಟ್ಟುಕೊಳ್ಳಿ.